ಮನೆಯಲ್ಲಿ ಅಕ್ರಿಲಿಕ್ ಹಾಳೆ ಕತ್ತರಿಸುವ ಬಗೆ: ಮಲೆನಾಡಿನ ಮನೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯ ಕಡೆ ಹಿಂದೆ ಗಾಜು ಕೂರಿಸುತ್ತಿದ್ದ ಅನೇಕ ಜಾಗಗಳಲ್ಲಿ ಈಗ ಅಕ್ರಿಲಿಕ್ ಹಾಳೆ ಕಾಣುತ್ತದೆ. ಫೋಟೊದ ಕಟ್ಟು, ಗೋಡೆ ಬೀರುವಿನ ಬಾಗಿಲು, ಮೀನಿನ ತೊಟ್ಟಿಯ ಮುಚ್ಚಳ, ಗೇಟಿನ ನಾಮಫಲಕ, ಶಾಲೆಯ ವಿಜ್ಞಾನ ಮಾದರಿ, ಹೀಗೆ ಅದರ ಬಳಕೆ ಹಲವು ಬಗೆಯದು. ಹಾಳೆಯನ್ನು ಕೊಂಡು ತರುವುದು ಸುಲಭ. ಅಳತೆಗೆ ಕತ್ತರಿಸಲು ಹೊರಟಾಗಲೇ ಅಂಚು ಚಕ್ಕೆ ಏಳುತ್ತದೆ, ಬಿರುಕು ಓರೆಯಾಗಿ ಓಡುತ್ತದೆ, ಇಲ್ಲವೇ ಗರಗಸದ ಹಿಂದೆಯೇ ಪ್ಲಾಸ್ಟಿಕ್ ಕರಗಿ ಮತ್ತೆ ಕೂಡಿಕೊಳ್ಳುತ್ತದೆ. ಈ ತೊಂದರೆಗಳೆಲ್ಲಕ್ಕೂ ಮೂಲ ಎರಡೇ: ಒಂದು ಬಿಸಿ, ಇನ್ನೊಂದು ಅದುರುವಿಕೆ. ಇವೆರಡನ್ನೂ ತಡೆದವರು ಸಾಮಾನ್ಯ ಸಲಕರಣೆಯಿಂದಲೂ ಸ್ವಚ್ಛವಾಗಿ ಕತ್ತರಿಸಬಲ್ಲರು, ತಡೆಯದವರಿಗೆ ದುಬಾರಿ ಯಂತ್ರವೂ ನೆರವಾಗದು.

ಅಕ್ರಿಲಿಕ್ ಎಂದರೆ ಏನು? ಅದನ್ನು ಗಾಜಿನಂತೆಯೇ ಕತ್ತರಿಸಬಹುದೇ?

ಅಕ್ರಿಲಿಕ್ ಹಾಳೆಯ ರಾಸಾಯನಿಕ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. ಜರ್ಮನಿಯಲ್ಲಿ ಓಟ್ಟೊ ರೋಮ್ ಅವರ ಸಂಸ್ಥೆ 1933ರಲ್ಲಿ ಇದನ್ನು ಪ್ಲೆಕ್ಸಿಗ್ಲಾಸ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಬ್ರಿಟನ್ನಿನಲ್ಲಿ ಇದಕ್ಕೆ ಪರ್ಸ್‌ಪೆಕ್ಸ್ ಎಂದು ಹೆಸರಾಯಿತು. ತಿಳಿಯಾದ ಹಾಳೆ ತನ್ನ ಮೇಲೆ ಬೀಳುವ ಬೆಳಕಿನಲ್ಲಿ ನೂರಕ್ಕೆ ಸುಮಾರು 92 ಭಾಗವನ್ನು ಆಚೆಗೆ ಬಿಡುತ್ತದೆ. ತೂಕವಂತೂ ಗಾಜಿನ ಅರ್ಧಕ್ಕಿಂತ ಕಡಿಮೆ: 3 ಮಿ.ಮೀ. ದಪ್ಪದ ಒಂದು ಚದರ ಅಡಿ ಗಾಜು ಸುಮಾರು 700 ಗ್ರಾಂ ತೂಗಿದರೆ ಅಷ್ಟೇ ಅಳತೆಯ ಅಕ್ರಿಲಿಕ್ ಸುಮಾರು 330 ಗ್ರಾಂ ತೂಗುತ್ತದೆ.

ಗಾಜಿನ ಮೇಲೆ ವಜ್ರದ ಮೊನೆಯಿಂದ ಒಂದೇ ಗೆರೆ ಎಳೆದು ಮುರಿಯುವ ಕ್ರಮ ಇಲ್ಲಿ ನಡೆಯುವುದಿಲ್ಲ. ಗಾಜಿನಲ್ಲಿ ಆ ತೆಳುಗೆರೆಯೇ ಬಿರುಕಾಗಿ ಕೆಳಗಿಳಿಯುತ್ತದೆ, ಅಕ್ರಿಲಿಕ್‌ನಲ್ಲಿ ಹಾಗೆ ಇಳಿಯದು. ಇಲ್ಲಿ ವಸ್ತುವನ್ನು ಎಳೆ ಎಳೆಯಾಗಿ ಕೆತ್ತಿ ತೆಗೆದು ನಿಜವಾದ ಕಾಲುವೆಯನ್ನೇ ತೋಡಬೇಕು. ಇನ್ನೊಂದು ಮುಖ್ಯ ವ್ಯತ್ಯಾಸವೆಂದರೆ, ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಅಕ್ರಿಲಿಕ್ ಮೆತ್ತಗಾಗುತ್ತದೆ. ವೇಗವಾಗಿ ಓಡುವ ಗರಗಸದ ಹಲ್ಲು ಆ ಬಿಸಿಯನ್ನು ಕೆಲವೇ ಕ್ಷಣಗಳಲ್ಲಿ ಮುಟ್ಟಿಸುತ್ತದೆ.

ಅಂಗಡಿಯಲ್ಲಿ ಏನೆಂದು ಕೇಳಿ ಕೊಳ್ಳಬೇಕು?

ಪ್ಲೈವುಡ್ ಮತ್ತು ಗಾಜಿನ ಅಂಗಡಿಗಳಲ್ಲಿಯೂ, ನಾಮಫಲಕ ಮಾಡುವವರ ಬಳಿಯೂ ಇದು ಸಿಗುತ್ತದೆ. ಪೂರ್ತಿ ಹಾಳೆ ಸಾಮಾನ್ಯವಾಗಿ ಎಂಟು ಅಡಿಗೆ ನಾಲ್ಕು ಅಡಿ ಇರುತ್ತದೆ. ನಾಮಫಲಕ ಮಾಡುವವರಲ್ಲಿ ಉಳಿದ ತುಂಡುಗಳು ಕಡಿಮೆ ಬೆಲೆಗೆ ಸಿಗುವುದರಿಂದ, ಸಣ್ಣ ಕೆಲಸಕ್ಕೆ ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು.

ಫೋಟೊದ ಕಟ್ಟಿಗೆ 2 ಮಿ.ಮೀ., ಬೀರುವಿನ ಬಾಗಿಲಿಗೂ ನಾಮಫಲಕಕ್ಕೂ 3ರಿಂದ 4 ಮಿ.ಮೀ., ಸಣ್ಣ ಗೋಡೆ ಹಲಗೆಗೆ 6ರಿಂದ 8 ಮಿ.ಮೀ. ಸಾಕಾಗುತ್ತದೆ. ದಪ್ಪಕ್ಕಿಂತ ಮುಖ್ಯವಾಗಿ ಕೇಳಬೇಕಾದ ಮಾತು ಬೇರೊಂದಿದೆ: ಅದು ಕಾಸ್ಟ್ ಶೀಟೋ ಎಕ್ಸ್‌ಟ್ರೂಡೆಡ್ ಶೀಟೋ? ಮೊದಲನೆಯದನ್ನು ಅಚ್ಚಿನಲ್ಲಿ ಎರೆದು ಗಟ್ಟಿಮಾಡಿರುತ್ತಾರೆ. ಎರಡನೆಯದನ್ನು ಯಂತ್ರದ ಸೀಳಿನಿಂದ ಬಿಸಿಯಾಗಿ ಒತ್ತಿ ಹೊರತೆಗೆದಿರುತ್ತಾರೆ. ಎಕ್ಸ್‌ಟ್ರೂಡೆಡ್ ಹಾಳೆಯ ದಪ್ಪ ಎಲ್ಲೆಡೆ ಸಮನಾಗಿರುತ್ತದೆ, ಬೆಲೆಯೂ ಕಡಿಮೆ, ಆದರೆ ಬೇಗ ಮೆತ್ತಗಾಗಿ ಗರಗಸದ ಹಲ್ಲಿಗೆ ಅಂಟಿಕೊಳ್ಳುತ್ತದೆ. ಕಾಸ್ಟ್ ಹಾಳೆಯ ದಪ್ಪದಲ್ಲಿ ತುಸು ಏರುಪೇರು ಇದ್ದರೂ ಗರಗಸ, ಡ್ರಿಲ್, ಉಪ್ಪುಕಾಗದ ಎಲ್ಲಕ್ಕೂ ಚೆನ್ನಾಗಿ ಒಗ್ಗುತ್ತದೆ. ಗೀರಿ ಮುರಿಯುವುದಷ್ಟೇ ಕೆಲಸವಾದರೆ ಯಾವುದಾದರೂ ಆಗುತ್ತದೆ. ಗರಗಸ ಹಾಕಿ, ತೂತು ಕೊರೆದು, ಅಂಚಿಗೆ ಹೊಳಪು ಕೊಡುವುದಿದ್ದರೆ ಕಾಸ್ಟ್ ಹಾಳೆಗೆ ಕೊಡುವ ಹೆಚ್ಚಿನ ಹಣ ವ್ಯರ್ಥವಾಗುವುದಿಲ್ಲ.

ಕೈಯಲ್ಲಿರುವುದು ಅಕ್ರಿಲಿಕ್ಕೋ ಪಾಲಿಕಾರ್ಬೊನೇಟೋ ಎಂದು ತಿಳಿಯುವುದು ಹೇಗೆ?

ಪಾಲಿಕಾರ್ಬೊನೇಟ್ ಕೂಡ ನೋಡಲು ಅಕ್ರಿಲಿಕ್‌ನಂತೆಯೇ ಇರುವ ಇನ್ನೊಂದು ಪ್ಲಾಸ್ಟಿಕ್ ಹಾಳೆ. ತೆಳುವಾದ ಒಂದು ಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಬಗ್ಗಿಸಿ ನೋಡಬೇಕು. ಅಕ್ರಿಲಿಕ್ ಸ್ವಲ್ಪ ಬಾಗಿ ಟಕ್ಕನೆ ಮುರಿಯುತ್ತದೆ, ಪಾಲಿಕಾರ್ಬೊನೇಟ್ ಮುರಿಯದೆ ಮಡಿಚಿಕೊಳ್ಳುತ್ತದೆ. ಪಾಲಿಕಾರ್ಬೊನೇಟನ್ನು ಗೀರಿ ಮುರಿಯಲಾಗದು, ಅದಕ್ಕೆ ಗರಗಸವೇ ಬೇಕು.

ಮೇಲೆ ಅಂಟಿಸಿರುವ ಕಾಗದವನ್ನು ಕತ್ತರಿಸುವ ಮೊದಲು ತೆಗೆಯಬೇಕೇ?

ತೆಗೆಯಬಾರದು. ಕತ್ತರಿಸಿ, ತೂತು ಕೊರೆದು, ಅಂಚು ಉಜ್ಜಿ ಮುಗಿಯುವವರೆಗೂ ಆ ಕಾಗದ ಅಥವಾ ಪೊರೆ ಎರಡೂ ಬದಿಗೆ ಇರಲಿ. ಅಳತೆಯ ಗುರುತನ್ನು ಅದರ ಮೇಲೆಯೇ ಪೆನ್ಸಿಲಿನಿಂದ ಹಾಕಬಹುದು. ತೆಳುವಾದ ಪ್ಲಾಸ್ಟಿಕ್ ಪೊರೆಯಿರುವ ಹಾಳೆಯನ್ನು ಗರಗಸದಿಂದ ಕೊಯ್ಯುವಾಗ ಪೊರೆ ಕರಗಿ ಅಂಚಿಗೆ ಮೆತ್ತಿಕೊಳ್ಳುವುದುಂಟು. ಅಂಥಲ್ಲಿ ಗೆರೆಯ ಎರಡೂ ಬದಿಗೆ ಅರ್ಧ ಅಂಗುಲದಷ್ಟು ಪೊರೆಯನ್ನು ಬಿಡಿಸಿ, ಆ ಜಾಗಕ್ಕೆ ಪೇಂಟರುಗಳು ಬಳಸುವ ಕಾಗದದ ಟೇಪು ಅಂಟಿಸಬೇಕು.

ಯಂತ್ರವಿಲ್ಲದೆ ಕತ್ತರಿಸಲು ಸಾಧ್ಯವೇ?

ಖಂಡಿತ ಸಾಧ್ಯ. 3 ಮಿ.ಮೀ. ವರೆಗಿನ ನೇರ ಕೊಯ್ತಕ್ಕೆ ಮನೆಮಟ್ಟಿಗೆ ಚಾಕುವಿನಿಂದ ಗೀರಿ ಮುರಿಯುವುದಕ್ಕಿಂತ ಒಳ್ಳೆಯ ವಿಧಾನ ಇಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಬಿಸಿಯ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ, ಪುಡಿ ಹಾರುವುದಿಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. 4 ಮಿ.ಮೀ. ಹಾಳೆಯನ್ನೂ ತಾಳ್ಮೆಯಿದ್ದರೆ ಹೀಗೆಯೇ ಮುರಿಯಬಹುದು. ಅದಕ್ಕಿಂತ ದಪ್ಪವಾದರೆ ಗರಗಸವೇ ಲೇಸು.

ಇದಕ್ಕೆ ಬೇಕಾದ ಮುಖ್ಯ ಸಾಧನ ಅಕ್ರಿಲಿಕ್ ಕಟರ್ ಎಂದೇ ಅಂಗಡಿಯಲ್ಲಿ ಸಿಗುವ ಕೊಕ್ಕೆ ಬಾಯಿಯ ಚಾಕು. ಕಾಗದ ಕತ್ತರಿಸುವ ಸಾಮಾನ್ಯ ಕಟರ್ ವಸ್ತುವನ್ನು ಸೀಳಿ ಎರಡು ಪಕ್ಕಕ್ಕೆ ತಳ್ಳುತ್ತದೆ, ಕೊಕ್ಕೆ ಬಾಯಿಯದು ಸಣ್ಣ ಎಳೆಯನ್ನು ಎಬ್ಬಿಸಿ ಹೊರಗೆ ತೆಗೆಯುತ್ತದೆ. ಆ ಎಳೆ ಸುರುಳಿಯಾಗಿ ಏಳುತ್ತಿದ್ದರೆ ಕೈ ಸರಿಯಾಗಿ ನಡೆಯುತ್ತಿದೆ ಎಂದು ತಿಳಿಯಬಹುದು. ಇದರ ಜೊತೆಗೆ ಉಕ್ಕಿನ ಸ್ಕೇಲು, ಮೂಲೆಮಟ್ಟ, ಎರಡು ಸಿ ಕ್ಲ್ಯಾಂಪು, ನೇರವಾದ ಒಂದು ರೀಪು ಬೇಕು.

ಹಾಳೆಯನ್ನು ಸಮತಟ್ಟಾದ ಮೇಜಿನ ಮೇಲೆ ಹಾಸಬೇಕು. ನಮ್ಮ ಕಡೆಯ ಹಳೆಯ ಹಲಸಿನ ಮೇಜುಗಳು ಗಟ್ಟಿಯಾಗಿದ್ದರೂ ಎಷ್ಟೋ ಸಲ ನಡುವೆ ತಗ್ಗಾಗಿರುತ್ತವೆ. ಅದರ ಮೇಲೆ ಒಂದು ಪ್ಲೈವುಡ್ ತುಂಡನ್ನು ಹಾಸಿಕೊಂಡರೆ ಆ ತೊಂದರೆ ತಪ್ಪುತ್ತದೆ. ಸ್ಕೇಲನ್ನು ನಮಗೆ ಬೇಕಾದ ತುಂಡಿನ ಮೇಲೆ ಇಟ್ಟು ಎರಡೂ ತುದಿಗೆ ಕ್ಲ್ಯಾಂಪ್ ಬಿಗಿಯಬೇಕು. ಆಗ ಚಾಕು ಜಾರಿದರೂ ಗೀರು ಬೀಳುವುದು ಬೇಡದ ತುಂಡಿನ ಮೇಲೆ.

ಮೊದಲ ಎರಡು ಮೂರು ಎಳೆತಗಳಿಗೆ ಭಾರ ಹಾಕಬಾರದು. ಚಾಕು ತನ್ನ ದಾರಿಯನ್ನು ಕಂಡುಕೊಳ್ಳುವಷ್ಟು ಹಗುರವಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚು ದಾಟುವವರೆಗೆ ನಿಲ್ಲಿಸದೆ ಎಳೆಯಬೇಕು. ಅನಂತರ ಸಮನಾದ ಒತ್ತಡದಿಂದ ಮುಂದುವರಿಸಿದರೆ 3 ಮಿ.ಮೀ. ಹಾಳೆಗೆ ಸುಮಾರು ಹತ್ತು ಎಳೆತಗಳಾಗುವ ಹೊತ್ತಿಗೆ ಕಾಲುವೆ ದಪ್ಪದ ಮೂರನೇ ಒಂದು ಭಾಗದಷ್ಟು ಆಳವಾಗಿರುತ್ತದೆ. ಎಳೆತಗಳ ಲೆಕ್ಕಕ್ಕಿಂತ ಆಳವೇ ಮುಖ್ಯವಾದ್ದರಿಂದ, ಹಾಳೆಯ ಪಕ್ಕದಿಂದ ನೋಡಿ ಆಳವನ್ನು ಖಚಿತಪಡಿಸಿಕೊಳ್ಳಬೇಕು. ಎರಡೂ ತುದಿಗಳಲ್ಲಿ, ಅಂದರೆ ಹಾಳೆಯ ಅಂಚಿನ ಮೇಲೆ ಕೂಡ, ಅದೇ ಗೆರೆಗೆ ಸರಿಯಾಗಿ ಚಿಕ್ಕದಾಗಿ ಗೀರಿದರೆ ಮುರಿತ ಅಲ್ಲಿಂದ ಹೊರಳುವುದಿಲ್ಲ.

ಮುರಿಯುವಾಗ ಗೀರಿದ ಬದಿ ಮೇಲಕ್ಕಿರಬೇಕು, ಗೆರೆ ಮೇಜಿನ ಅಂಚಿಗೆ ಸರಿಯಾಗಿ ಹೊಂದಿರಬೇಕು, ಬೇಡದ ಭಾಗ ಹೊರಗೆ ಚಾಚಿರಬೇಕು. ಮೇಜಿನ ಮೇಲಿರುವ ಭಾಗದ ಮೇಲೆ ಗೆರೆಯ ಪಕ್ಕದಲ್ಲೇ ರೀಪನ್ನಿಟ್ಟು ಕ್ಲ್ಯಾಂಪ್ ಮಾಡಿ, ಹೊರಗಿನ ಭಾಗವನ್ನು ಅಂಗೈಯಿಂದ ಒಮ್ಮೆಗೇ ಕೆಳಕ್ಕೆ ಒತ್ತಬೇಕು. ನಿಧಾನವಾಗಿ ಬಗ್ಗಿಸುತ್ತಾ ಹೋದರೆ ಮುರಿತ ದಾರಿ ತಪ್ಪುವ ಸಂಭವ ಹೆಚ್ಚು. ಎರಡು ಅಡಿಗಿಂತ ಉದ್ದದ ಗೆರೆಯಾದರೆ ಇನ್ನೊಬ್ಬರನ್ನು ಜೊತೆಗೆ ಕರೆದು, ಇಬ್ಬರೂ ಒಟ್ಟಿಗೆ ಒತ್ತುವುದು ಕ್ಷೇಮ.

ಹೇಳಿದಂತೆಯೇ ಗೀರಿದೆವು, ಆದರೂ ಓರೆಯಾಗಿ ಮುರಿಯಿತು. ಏಕೆ?

ಕಾರಣ ಬಹುಮಟ್ಟಿಗೆ ಈ ಮೂರರಲ್ಲಿ ಒಂದು. ಗೀರು ಆಳವಾಗಿರಲಿಲ್ಲ, ಅಥವಾ ತುದಿಯವರೆಗೆ ಹೋಗಿರಲಿಲ್ಲ, ಅಥವಾ ಮುರಿಯುವಾಗ ಗೆರೆ ಮೇಜಿನ ಅಂಚಿನಿಂದ ದೂರವಿತ್ತು. ಕತ್ತರಿಸಿ ತೆಗೆಯುವ ಪಟ್ಟಿ ಎರಡು ಅಂಗುಲಕ್ಕಿಂತ ಕಿರಿದಾಗಿದ್ದರೆ ಕೈಗೆ ಹಿಡಿತ ಸಿಗದೆ ಚೂರು ಚೂರಾಗುವುದೂ ಇದೆ. ಅಂಥ ಪಟ್ಟಿಯನ್ನು ಎರಡು ರೀಪುಗಳ ನಡುವೆ ಪೂರ್ತಿ ಉದ್ದಕ್ಕೂ ಹಿಡಿದು ರೀಪುಗಳನ್ನೇ ಒತ್ತಬೇಕು, ಇಲ್ಲವೇ ಗರಗಸ ಬಳಸಬೇಕು.

ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ ಮೂಲೆ ಕತ್ತರಿಸಲು ಈ ವಿಧಾನ ಬಾರದು. ಮುರಿತವು ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಓಡಿಯೇ ತೀರುತ್ತದೆ, ನಡುವೆ ನಿಲ್ಲಿಸಲಾಗದು. ಅಂಥ ಮೂಲೆಗೆ ಮೊದಲು ಒಳತಿರುವಿನಲ್ಲಿ 5 ಅಥವಾ 6 ಮಿ.ಮೀ. ತೂತು ಕೊರೆದು, ಎರಡೂ ಕಡೆಯಿಂದ ಆ ತೂತಿಗೆ ಸೇರುವಂತೆ ಗರಗಸ ಹಾಕಬೇಕು. ತೂತಿನ ದುಂಡನೆಯ ಅಂಚು ಮೂಲೆಯಲ್ಲಿ ಬಿರುಕು ಹುಟ್ಟದಂತೆ ಕಾಯುತ್ತದೆ. ಸ್ವಿಚ್ ಬೋರ್ಡಿನ ಸುತ್ತ ಕೂರಿಸುವ ಹಾಳೆಗಳು ಒಳಮೂಲೆಯಿಂದಲೇ ಸೀಳುವುದು ಈ ತೂತನ್ನು ಬಿಟ್ಟಾಗ.

ಕೈಗರಗಸಕ್ಕೆ ಯಾವ ಬ್ಲೇಡು ಒಳ್ಳೆಯದು?

ಕಬ್ಬಿಣ ಕೊಯ್ಯುವ ಹ್ಯಾಕ್ಸಾದಲ್ಲಿ ಅಂಗುಲಕ್ಕೆ 24 ಅಥವಾ 32 ಹಲ್ಲಿರುವ ಹೊಸ ಬ್ಲೇಡು. ಮಳೆಗಾಲದಲ್ಲಿ ತುಕ್ಕು ಹಿಡಿದ ಬ್ಲೇಡು ಹಾಳೆಯನ್ನು ಕೊಯ್ಯುವುದಕ್ಕಿಂತ ಉಜ್ಜಿ ಬಿಸಿ ಮಾಡುವುದೇ ಹೆಚ್ಚು. ಬ್ಲೇಡನ್ನು ಹಾಳೆಗೆ ತೀರಾ ನೆಟ್ಟಗೆ ಹಿಡಿಯದೆ ಓರೆಯಾಗಿ ಹಿಡಿದು, ಉದ್ದುದ್ದ ಎಳೆತಗಳಿಂದ, ಅವಸರವಿಲ್ಲದೆ ಕೊಯ್ಯಬೇಕು. ಗೆರೆಯ ಪಕ್ಕದಲ್ಲೇ ಆಧಾರವಿರಬೇಕು. ಹಾಳೆ ನೇತಾಡುತ್ತಿದ್ದರೆ ಪ್ರತಿ ಎಳೆತಕ್ಕೂ ಅದುರುತ್ತದೆ, ಚಕ್ಕೆ ಏಳುವುದು ಆ ಅದುರಿನಿಂದಲೇ. ಬ್ಲೇಡಿಗೆ ಆಗಾಗ ಸಾಬೂನು ನೀರು ಹನಿಸಿದರೆ ತಂಪಾಗಿಯೂ ಇರುತ್ತದೆ, ಪುಡಿಯೂ ಕಟ್ಟಿಕೊಳ್ಳದು.

ಜಿಗ್ ಸಾ ಹಾಕಿದರೆ ಕೊಯ್ದ ಜಾಗ ಹಿಂದಿನಿಂದ ಮತ್ತೆ ಅಂಟಿಕೊಳ್ಳುತ್ತದೆ. ಏನು ಮಾಡಬೇಕು?

ಬ್ಲೇಡು ಮೇಲೆ ಕೆಳಗೆ ಓಡುವಾಗ ಹುಟ್ಟಿದ ಬಿಸಿಯಲ್ಲಿ ಪುಡಿ ಕರಗಿ, ಸೀಳಿನೊಳಗೆ ತುಂಬಿ, ತಣಿದಾಗ ಎರಡು ತುಂಡುಗಳನ್ನು ಬೆಸೆಯುತ್ತದೆ. ಯಂತ್ರದ ವೇಗವನ್ನು ಕಡಿಮೆ ಮಾಡುವುದು ಮೊದಲ ಉಪಾಯ. ಬ್ಲೇಡನ್ನು ಮುಂದಕ್ಕೆ ತೂಗಾಡಿಸುವ ಗುಂಡಿ ಕೆಲವು ಯಂತ್ರಗಳಲ್ಲಿರುತ್ತದೆ. ಅದನ್ನು ಸೊನ್ನೆಗೆ ತಿರುಗಿಸಬೇಕು, ಏಕೆಂದರೆ ಆ ತೂಗಾಟವಿರುವುದು ಮರವನ್ನು ವೇಗವಾಗಿ ಕೊಯ್ಯಲೆಂದು.

ಬ್ಲೇಡಿನ ಆಯ್ಕೆಯಲ್ಲಿ ಒಂದು ನಿಯಮವನ್ನು ನೆನಪಿಡಬೇಕು: ಹಾಳೆಯ ದಪ್ಪದೊಳಗೆ ಯಾವಾಗಲೂ ಕನಿಷ್ಠ ಎರಡು ಮೂರು ಹಲ್ಲುಗಳಿರಬೇಕು. 3 ಮಿ.ಮೀ. ಹಾಳೆಗೆ ಸಣ್ಣ ಹಲ್ಲಿನ ಬ್ಲೇಡು ಬೇಕು. ಆದರೆ 10 ಮಿ.ಮೀ. ಹಾಳೆಗೆ ಅದೇ ಬ್ಲೇಡು ಹಾಕಿದರೆ ಹಲ್ಲುಗಳ ನಡುವೆ ಪುಡಿಗೆ ಜಾಗವಿಲ್ಲದೆ ಕರಗುತ್ತದೆ. ದಪ್ಪ ಹಾಳೆಗೆ ಹಲ್ಲು ತುಸು ದೊಡ್ಡದಿರಬೇಕು ಎಂಬ ಮಾತನ್ನು ಅನೇಕರು ನಂಬುವುದಿಲ್ಲ, ಆದರೂ ಅದೇ ಸರಿ.

ಹಾಳೆಯ ಕೆಳಗೆ ಬೇಡದ ಪ್ಲೈವುಡ್ ತುಂಡನ್ನಿಟ್ಟು ಎರಡನ್ನೂ ಕೂಡಿಸಿ ಕ್ಲ್ಯಾಂಪ್ ಮಾಡಿ ಕೊಯ್ದರೆ ಅದುರು ಬಹಳ ಕಡಿಮೆಯಾಗುತ್ತದೆ. ಯಂತ್ರವನ್ನು ಸಮನಾದ ವೇಗದಲ್ಲಿ ಮುಂದೆ ಸರಿಸುತ್ತಿರಬೇಕು. ನಿಂತಲ್ಲೇ ಬ್ಲೇಡು ಓಡಿದರೆ ಅಲ್ಲೇ ಕರಗುತ್ತದೆ, ಒತ್ತಿ ನೂಕಿದರೆ ಬಿರುಕು ಬಿಡುತ್ತದೆ. ಒಂದು ಅಡಿಯಷ್ಟು ಕೊಯ್ದ ಮೇಲೆ ಯಂತ್ರ ನಿಲ್ಲಿಸಿ ಬ್ಲೇಡು ತಣಿಯಲು ಬಿಡುವುದರಿಂದ ನಷ್ಟವೇನೂ ಇಲ್ಲ. ವಿದ್ಯುತ್ ಯಂತ್ರದ ಬಳಿ ನೀರು ಹನಿಸುವುದು ಬೇಡ. ಬ್ಲೇಡಿಗೆ ಮೇಣದಬತ್ತಿ ಉಜ್ಜಿಕೊಂಡರೆ ಸಾಕು.

ಮನೆಯಲ್ಲಿ ಟೈಲ್ಸ್ ಕೊಯ್ಯುವ ಮಾರ್ಬಲ್ ಕಟರ್ ಇದೆ. ಅದು ಆಗುತ್ತದೆಯೇ?

ಆಗುವುದಿಲ್ಲ. ಅದರ ವಜ್ರದ ಬ್ಲೇಡಿಗೆ ಹಲ್ಲಿಲ್ಲ. ಅದು ಕಲ್ಲನ್ನು ತೇಯುವ ಸಾಧನವಾದ್ದರಿಂದ ಅಕ್ರಿಲಿಕ್ಕನ್ನು ಕರಗಿಸಿಬಿಡುತ್ತದೆ. ಆ ಯಂತ್ರಕ್ಕೆ ಮರ ಕೊಯ್ಯುವ ಬ್ಲೇಡು ತೊಡಿಸಿ ಕೊಯ್ಯುವ ಅಭ್ಯಾಸ ಕೆಲವೆಡೆ ಇದೆ. ಅಷ್ಟು ವೇಗದಲ್ಲಿ ಹಲ್ಲಿನ ಬ್ಲೇಡು ಹಾಳೆಗೆ ಕಚ್ಚಿಕೊಂಡರೆ ಯಂತ್ರ ಕೈಯಿಂದ ಹಿಂದಕ್ಕೆ ಚಿಮ್ಮುತ್ತದೆ. ಬೆರಳು ಕಳೆದುಕೊಳ್ಳುವ ಅಪಾಯ ಇಲ್ಲಿ ನಿಜವಾದದ್ದು, ದಯವಿಟ್ಟು ಹಾಗೆ ಮಾಡಬೇಡಿ.

ಪರಿಚಯದ ಬಡಗಿಗಳಲ್ಲಿ ಮೇಜಿನ ಗರಗಸವಿದ್ದರೆ, ಕಾರ್ಬೈಡ್ ತುದಿಯ 10 ಅಂಗುಲದ, 60ರಿಂದ 80 ಹಲ್ಲಿನ ಬ್ಲೇಡಿನಲ್ಲಿ ದಪ್ಪ ಹಾಳೆಯೂ ಅತ್ಯಂತ ಸ್ವಚ್ಛವಾಗಿ ಕೊಯ್ಯುತ್ತದೆ. ಬ್ಲೇಡು ಹಾಳೆಯ ಮೇಲೆ ಸ್ವಲ್ಪವೇ ಕಾಣುವಂತೆ ಎತ್ತರ ಹೊಂದಿಸಬೇಕು.

ದುಂಡಗೆ ಅಥವಾ ಅಕ್ಷರದ ಆಕಾರದಲ್ಲಿ ಕತ್ತರಿಸುವುದು ಹೇಗೆ?

ದೊಡ್ಡ ತಿರುವುಗಳಿಗೆ ಜಿಗ್ ಸಾ, ಸಣ್ಣ ತಿರುವುಗಳಿಗೆ ಮರದ ಕುಸುರಿ ಕೆಲಸದವರು ಬಳಸುವ ತೆಳು ಬ್ಲೇಡಿನ ಚೌಕಟ್ಟಿನ ಗರಗಸ. ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆ ನೋಡಿದವರಿಗೆ ಸಣ್ಣ ಸಾಧನ ಹಿಡಿದ ಪಳಗಿದ ಕೈ ಏನು ಮಾಡಬಲ್ಲುದೆಂದು ಹೇಳಬೇಕಾಗಿಲ್ಲ. ಗೆರೆಯಿಂದ ಒಂದು ಮಿ.ಮೀ. ಹೊರಗೆ ಕೊಯ್ದು, ಉಳಿದದ್ದನ್ನು ಅರದಿಂದ ಉಜ್ಜಿ ಗೆರೆಗೆ ತರುವುದು ಸರಿಯಾದ ಕ್ರಮ. ಹೆಸರಿನ ಅಕ್ಷರಗಳು, ಅದರಲ್ಲೂ ಕನ್ನಡದ ಒತ್ತಕ್ಷರಗಳು ಬೇಕಾದಾಗ ಲೇಸರ್ ಯಂತ್ರವಿರುವ ನಾಮಫಲಕದ ಅಂಗಡಿಗೆ ಕೊಡುವುದೇ ಉತ್ತಮ. ಆ ಅಂಚು ಯಂತ್ರದಿಂದಲೇ ಹೊಳಪಾಗಿ ಬರುತ್ತದೆ.

ತೂತು ಕೊರೆಯುವಾಗ ಕೊನೆಗೆ ಬಿರುಕು ಬಿಡುತ್ತದೆ. ತಡೆಯುವುದು ಹೇಗೆ?

ಕಬ್ಬಿಣ ಕೊರೆಯುವ ಸಾಮಾನ್ಯ ಬಿಟ್‌ನ ಚೂಪು ಅಂಚು ಹಾಳೆಯನ್ನು ಕಚ್ಚಿ ತನ್ನತ್ತ ಎಳೆದುಕೊಳ್ಳುತ್ತದೆ. ಬಿಟ್ ಕೆಳಗಿನಿಂದ ಹೊರಬರುವ ಕ್ಷಣದಲ್ಲಿ ಆ ಎಳೆತಕ್ಕೆ ಹಾಳೆ ಒಡೆಯುತ್ತದೆ. ಪ್ಲಾಸ್ಟಿಕ್ಕಿಗೆಂದೇ ಮಾಡಿದ ಮೊನಚು ತುದಿಯ ಬಿಟ್ ಸಿಕ್ಕಿದರೆ ಒಳ್ಳೆಯದು. ಸಿಗದಿದ್ದರೆ ಹಳೆಯ ಬಿಟ್ ಒಂದರ ಕತ್ತರಿಸುವ ಅಂಚುಗಳನ್ನು ಸಾಣೆಕಲ್ಲಿನ ಮೇಲೆ ತುಸುವೇ ಉಜ್ಜಿ, ಕಚ್ಚದೆ ಕೆರೆಯುವಂತೆ ಮಾಡಿಕೊಳ್ಳಬಹುದು.

ಹಾಳೆಯ ಕೆಳಗೆ ಮರದ ತುಂಡು ಒತ್ತಿಕೊಂಡಿರಬೇಕು, ಹಾಳೆ ತಿರುಗದಂತೆ ಕ್ಲ್ಯಾಂಪ್ ಇರಬೇಕು, ವೇಗ ಕಡಿಮೆಯಿರಬೇಕು. ಮೊದಲು 3 ಮಿ.ಮೀ. ತೂತು ಕೊರೆದು ಆಮೇಲೆ ದೊಡ್ಡದು ಮಾಡಬೇಕು. ನಡುನಡುವೆ ಬಿಟ್ಟನ್ನು ಮೇಲೆತ್ತಿ ಪುಡಿ ಬಿಡಿಸಬೇಕು, ಬಿಟ್ ಹೊರಬರುವ ಹೊತ್ತಿಗೆ ಕೈಭಾರವನ್ನು ಬಹುಪಾಲು ತೆಗೆದುಬಿಡಬೇಕು. ತೂತಿನ ಅಂಚು ಹಾಳೆಯ ಅಂಚಿನಿಂದ ತೂತಿನ ಅಗಲದ ಎರಡರಷ್ಟಾದರೂ ದೂರವಿರಲಿ.

ತೂತು ಸ್ಕ್ರೂವಿಗಿಂತ ದೊಡ್ಡದಿರಬೇಕು. 4 ಮಿ.ಮೀ. ಸ್ಕ್ರೂವಿಗೆ 6 ಮಿ.ಮೀ. ತೂತು ಹಾಕಿ, ತಲೆಯ ಕೆಳಗೆ ರಬ್ಬರ್ ಅಥವಾ ನೈಲಾನ್ ವಾಷರ್ ಇಟ್ಟು, ಬಿಗಿಮಾಡಿದ ಮೇಲೆ ಕಾಲು ಸುತ್ತು ಸಡಿಲಿಸಬೇಕು. ಇದಕ್ಕೆ ಕಾರಣ ಮುಂದಿನ ಉತ್ತರದಲ್ಲಿದೆ.

ಮಲೆನಾಡಿನ ಮಳೆಗೂ ಅಕ್ರಿಲಿಕ್ಕಿಗೂ ಏನು ಸಂಬಂಧ?

ಬಹಳ ಸಂಬಂಧವಿದೆ. ಬೇರೆ ಊರಿನವರು ಬರೆದ ಸೂಚನೆಗಳಲ್ಲಿ ಇದಕ್ಕೆ ಸಾಕಷ್ಟು ಗಮನ ಸಿಗದಿರುವುದರಿಂದ ವಿವರವಾಗಿ ಹೇಳಬೇಕಾಗಿದೆ.

ಅಕ್ರಿಲಿಕ್ ನೀರನ್ನು ನಿಧಾನವಾಗಿ ಹೀರುತ್ತದೆ. ಒಂದು ದಿನ ನೀರಿನಲ್ಲಿಟ್ಟರೆ ತನ್ನ ತೂಕದ ಸುಮಾರು ಶೇಕಡ 0.3ರಷ್ಟು ಹೀರಿದರೆ, ಬಹುಕಾಲ ತೇವದಲ್ಲಿದ್ದರೆ ಶೇಕಡ 2ರವರೆಗೂ ಹೀರಬಲ್ಲುದು. ಹೀರಿದಷ್ಟೂ ಸ್ವಲ್ಪ ಹಿಗ್ಗುತ್ತದೆ. ಶಾಖಕ್ಕೂ ಹಾಗೆಯೇ: ಒಂದು ಮೀಟರ್ ಉದ್ದದ ಹಾಳೆ 20 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 1.4 ಮಿ.ಮೀ. ಉದ್ದವಾಗುತ್ತದೆ, ಅಷ್ಟೇ ಉದ್ದದ ಗಾಜು 0.2 ಮಿ.ಮೀ. ಕೂಡ ಬೆಳೆಯುವುದಿಲ್ಲ. ಇತ್ತ ಮರದ ಚೌಕಟ್ಟು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಬ್ಬಿಕೊಂಡು ಒಳಗಿನ ಜಾಗವನ್ನು ಬಿಗಿ ಮಾಡುತ್ತದೆ. ಆಗುಂಬೆಯ ಸುತ್ತಿನಂಥ ಜಾಗದಲ್ಲಿ ತಿಂಗಳುಗಟ್ಟಲೆ ಗಾಳಿ ಆರುವುದೇ ಇಲ್ಲ. ಬೇಸಿಗೆಯಲ್ಲಿ ಬಿಗಿಯಾಗಿ ಕೂರುವಂತೆ ಕತ್ತರಿಸಿದ ಹಾಳೆ ಆಷಾಢದಲ್ಲಿ ನಡುವೆ ಉಬ್ಬಿ ನಿಲ್ಲುವುದು ಈ ಕಾರಣಕ್ಕೆ. ಆದ್ದರಿಂದ ಚೌಕಟ್ಟಿನೊಳಗೆ ಕೂರಿಸುವ ಹಾಳೆಯನ್ನು ಪ್ರತಿ ಮೀಟರಿಗೆ ಒಟ್ಟು 4ರಿಂದ 5 ಮಿ.ಮೀ. ಚಿಕ್ಕದಾಗಿಯೇ ಕತ್ತರಿಸಬೇಕು, ತೂತುಗಳನ್ನೂ ಸಡಿಲವಾಗಿಯೇ ಇಡಬೇಕು.

ಮೀನಿನ ತೊಟ್ಟಿಯ ಮುಚ್ಚಳ ಸೊಟ್ಟಗಾಗುವುದು ಕೂಡ ಇದೇ ಸಂಗತಿ. ಕೆಳಗಿನ ಮೈ ನೀರಾವಿ ಹೀರಿ ಹಿಗ್ಗುತ್ತದೆ, ಮೇಲಿನದು ಒಣಗಿಯೇ ಇರುತ್ತದೆ. ವಾರಕ್ಕೊಮ್ಮೆ ಮಗುಚಿ ಹಾಕಿದರೆ ಸರಿಹೋಗುತ್ತದೆ.

ಹಾಳೆಯನ್ನು ಇಟ್ಟುಕೊಳ್ಳುವುದರಲ್ಲಿಯೂ ಎಚ್ಚರ ಬೇಕು. ನೆಲಕ್ಕೆ ತಾಗದಂತೆ ಎರಡು ರೀಪುಗಳ ಮೇಲೆ, ಗೋಡೆಗೆ ಹತ್ತಿರ ಹತ್ತಿರ ನೆಟ್ಟಗೆ ನಿಲ್ಲಿಸಬೇಕು. ಓರೆಯಾಗಿ ಒರಗಿಸಿದರೆ ತಿಂಗಳೊಳಗೆ ಬಾಗುತ್ತದೆ. ಒದ್ದೆ ಗೋಡೆಯ ಬಳಿ ಇಟ್ಟರೆ ಮೇಲಿನ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಗೆದ್ದಲೂ ಬರಬಹುದು. ವರ್ಷ ಕಳೆದರೆ ಕಾಗದ ಬಿಡಿಸಲಾರದಷ್ಟು ಅಂಟಿಕೊಳ್ಳುತ್ತದೆ. ಹಾಗೆ ಅಂಟಿದ್ದರೆ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ ಬೆರಳಿನಿಂದಲೇ ಬಿಡಿಸಬೇಕು. ಚಾಕುವಿನಿಂದ ಕೆರೆಯಬಾರದು, ಥಿನ್ನರ್ ಹಾಕಬಾರದು.

ಕತ್ತರಿಸಿದ ಅಂಚನ್ನು ನಯವಾಗಿಸಿ ಹೊಳಪು ಕೊಡುವುದು ಹೇಗೆ?

ಮೊದಲು ಹ್ಯಾಕ್ಸಾ ಬ್ಲೇಡಿನ ಹಲ್ಲಿಲ್ಲದ ಬೆನ್ನಿನಿಂದ ಅಂಚನ್ನು ಉದ್ದಕ್ಕೂ ಕೆರೆಯಬೇಕು. ತೆಂಗಿನಕಾಯಿ ತುರಿಯಂತೆ ಸಣ್ಣ ಸಣ್ಣ ಎಳೆಗಳು ಏಳುತ್ತವೆ, ಗರಗಸದ ಗುರುತು ಬೇಗ ಮಾಯವಾಗುತ್ತದೆ. ಅನಂತರ ವಾಟರ್ ಪೇಪರ್ ಎಂದು ಸಿಗುವ ಒದ್ದೆ ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ, 220ನೇ ನಂಬರಿನಿಂದ ಆರಂಭಿಸಿ 400, 600, 1000 ಎಂದು ಏರುತ್ತಾ ಉಜ್ಜಬೇಕು. ಮರದ ತುಂಡಿಲ್ಲದೆ ಬೆರಳಿನಿಂದ ಉಜ್ಜಿದರೆ ಅಂಚು ಉರುಟಾಗುತ್ತದೆ. ಹಿಂದಿನ ನಂಬರಿನ ಗೀರುಗಳು ಪೂರ್ತಿ ಹೋಗುವ ಮೊದಲು ಮುಂದಿನದಕ್ಕೆ ಹೋಗಬಾರದು. ಅಂಚು ಮಾಸಲಾಗಿ ಉಳಿಯುವುದಕ್ಕೆ ಮುಖ್ಯ ಕಾರಣ ಈ ಅವಸರವೇ. ಕೊನೆಗೆ 2000ದ ಕಾಗದ, ಆಮೇಲೆ ವಾಹನಗಳ ಪೇಂಟಿಂಗ್ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಪಾಲಿಶಿಂಗ್ ಕಾಂಪೌಂಡನ್ನು ಹತ್ತಿಬಟ್ಟೆಯಿಂದ ತಿಕ್ಕಿದರೆ ಅಂಚು ತಿಳಿಯಾಗುತ್ತದೆ.

ಚೌಕಟ್ಟಿನೊಳಗೆ ಅಡಗುವ ಅಂಚಿಗೆ ಇಷ್ಟೆಲ್ಲ ಬೇಡ. ಕೆರೆದು 400ರವರೆಗೆ ಉಜ್ಜಿದರೆ ಧಾರಾಳವಾಯಿತು. ಆದರೆ ಕೆರೆಯುವುದನ್ನು ಮಾತ್ರ ಎಲ್ಲಿಯೂ ಬಿಡಬಾರದು, ಮುಂದೆ ಬರುವ ಬಿರುಕುಗಳೆಲ್ಲ ಅಂಚಿನ ಸಣ್ಣ ಚಕ್ಕೆಯಿಂದಲೇ ಹೊರಡುತ್ತವೆ.

ಬೆಂಕಿ ತೋರಿಸಿ ಹೊಳಪು ಬರಿಸುತ್ತಾರಲ್ಲ, ಅದನ್ನು ಮನೆಯಲ್ಲಿ ಮಾಡಬಹುದೇ?

ಬೇಡ. ಕಸುಬಿನವರು ಸಣ್ಣ ಜ್ವಾಲೆಯನ್ನು ಅಂಚಿನ ಮೇಲೆ ವೇಗವಾಗಿ ಹಾಯಿಸಿ ಹೊಳಪು ತರುತ್ತಾರೆ. ಕ್ಷಣ ತಡವಾದರೆ ಗುಳ್ಳೆ ಏಳುತ್ತದೆ ಅಥವಾ ಹಾಳೆಗೇ ಬೆಂಕಿ ಹತ್ತುತ್ತದೆ. ಸರಿಯಾಗಿ ಮಾಡಿದರೂ ಅಂಚಿನೊಳಗೆ ಬಿಗಿತ ಉಳಿದು, ಆಮೇಲೆ ಅಂಟು ಅಥವಾ ದ್ರಾವಕ ತಾಗಿದಾಗ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಳ್ಳುತ್ತವೆ.

ತುಂಡುಗಳನ್ನು ಅಂಟಿಸಲು ಯಾವುದು ಒಳ್ಳೆಯದು?

ನಾಮಫಲಕದವರು ಕ್ಲೋರೋಫಾರ್ಮನ್ನು ಸಿರಿಂಜಿನಿಂದ ಸಂದಿಗೆ ಬಿಡುತ್ತಾರೆ. ಅದು ಅಕ್ರಿಲಿಕ್ಕನ್ನೇ ಕರಗಿಸಿ ಎರಡು ತುಂಡನ್ನು ಒಂದಾಗಿಸುವುದರಿಂದ ಕೂಡು ಬಲವಾಗಿರುತ್ತದೆ. ಆದರೆ ಅದರ ಆವಿ ಯಕೃತ್ತಿಗೂ ನರಗಳಿಗೂ ಹಾನಿಕರ. ಮಳೆಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದನ್ನು ಬಳಸಬಾರದು, ಮಕ್ಕಳ ಕೈಗೆ ಸಿಗುವಂತೆ ಇಡಲೇಬಾರದು. ಮನೆಯವರು ಅಕ್ರಿಲಿಕ್ ಅಂಟೆಂದೇ ಮಾರುವ ಸಿದ್ಧ ಅಂಟನ್ನು ಜಗಲಿಯ ಗಾಳಿಯಲ್ಲಿ ಕುಳಿತು ಬಳಸುವುದು ಸರಿ. ಅಂಟಿಸುವ ಅಂಚು ಸಮತಟ್ಟಾಗಿರಬೇಕು, ಹೊಳಪು ಬೇಕಾಗಿಲ್ಲ. ದಿಢೀರನೆ ಹಿಡಿಯುವ ಸೂಪರ್ ಗ್ಲೂ ಸುತ್ತಲೂ ಬಿಳಿ ಮಂಜನ್ನು ಉಳಿಸುತ್ತದೆ.

ಒರೆಸಲು ಏನು ಬಳಸಬೇಕು?

ಸಾಬೂನು ನೀರು ಮತ್ತು ಮೆತ್ತನೆಯ ಹತ್ತಿಬಟ್ಟೆ. ಮೊದಲು ನೀರು ಹಾಕಿ ಧೂಳನ್ನು ತೊಳೆದು ಆಮೇಲೆ ಒರೆಸಬೇಕು. ಅಮೋನಿಯ ಇರುವ ಗಾಜಿನ ಕ್ಲೀನರ್, ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ದ್ರವ, ಸ್ಪಿರಿಟ್ ಇವು ತಾಗಿದರೆ ಹೊಸದಾಗಿ ಕತ್ತರಿಸಿದ ಅಂಚಿನಿಂದ ಒಳಕ್ಕೆ ಸಣ್ಣ ಬಿರುಕುಗಳು ಹರಡುತ್ತವೆ.

ದೇವರ ಮನೆಗೆ ಅಕ್ರಿಲಿಕ್ ಬಾಗಿಲು ಹಾಕಬಹುದೇ?

ನಂದಾದೀಪ ಉರಿಯುವ ಮನೆಯಲ್ಲಿ ಹಾಕದಿರುವುದೇ ಒಳ್ಳೆಯದು. ಅಕ್ರಿಲಿಕ್ ಬಿಸಿಗೆ ಬಾಗುವುದಷ್ಟೇ ಅಲ್ಲ, ಬೆಂಕಿ ಹತ್ತಿದರೆ ಚೆನ್ನಾಗಿಯೇ ಉರಿಯುತ್ತದೆ, ಉರಿಯುವ ಹನಿಗಳು ಕೆಳಗೆ ಬೀಳುತ್ತವೆ. ಅಡುಗೆ ಒಲೆಯ ಹಿಂದಿನ ಗೋಡೆಗೂ ಇದೇ ಮಾತು. ಇಂಥ ಜಾಗಗಳಿಗೆ ಗಟ್ಟಿಗೊಳಿಸಿದ ಗಾಜೇ ಸರಿ.

ಹೆಂಚಿನ ಮಾಡಿನಲ್ಲಿ ಗಾಜಿನ ಹೆಂಚಿನ ಬದಲು ಇದನ್ನು ಕೂರಿಸಬಹುದೇ?

ಬಿಸಿಲಿಗೆ ಅಕ್ರಿಲಿಕ್ ಬೇಗ ಹಳದಿಯಾಗುವುದಿಲ್ಲ, ಗಾಜಿಗಿಂತ ಹೆಚ್ಚು ಪೆಟ್ಟನ್ನೂ ತಡೆಯುತ್ತದೆ. ಆದರೂ ಮಂಗಗಳು ಮಾಡಿನ ಮೇಲೆ ಹಾರಾಡುವ ಊರುಗಳಲ್ಲಿ, ತೆಂಗಿನ ಗರಿ ಬೀಳುವ ಜಾಗಗಳಲ್ಲಿ ಪಾಲಿಕಾರ್ಬೊನೇಟ್ ಆರಿಸಿಕೊಳ್ಳಬೇಕು. ಅಕ್ರಿಲಿಕ್ಕನ್ನೇ ಹಾಕುವುದಾದರೆ ಮೊಳೆ ಹೊಡೆಯದೆ, ಸುತ್ತಲಿನ ಹೆಂಚುಗಳ ಕೆಳಗೆ ಸರಿದಾಡಲು ಎಡೆಯಿರುವಂತೆ ಕೂರಿಸಬೇಕು.

ಮೈಗೆ, ಕಣ್ಣಿಗೆ ಏನು ಎಚ್ಚರಿಕೆ?

ಮುರಿಯುವಾಗಲೂ ಕೊಯ್ಯುವಾಗಲೂ ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು, ಅಕ್ರಿಲಿಕ್ ಚೂರು ಗಾಜಿನಷ್ಟೇ ಚೂಪಾಗಿರುತ್ತದೆ. ಒಣಗಿದಾಗ ಉಜ್ಜುವುದಿದ್ದರೆ ಮೂಗಿಗೆ ಮಾಸ್ಕ್ ಬೇಕು. ತಿರುಗುವ ಯಂತ್ರದ ಬಳಿ ಕೈಗವಸು ಹಾಕಬಾರದು, ಅದು ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಆದರೆ ಕೊಯ್ದ ಹಾಳೆಯನ್ನು ಎತ್ತಿ ಇಡುವಾಗ ಹಾಕಿಕೊಳ್ಳುವುದು ಒಳ್ಳೆಯದು.

ಉಳಿದ ಚೂರುಗಳನ್ನು ಏನು ಮಾಡಬೇಕು? ಬಚ್ಚಲ ಒಲೆಗೆ ಹಾಕಬಹುದೇ?

ಹಾಕಬಾರದು. ಮನೆಯ ಕಸವನ್ನೆಲ್ಲ ಹಂಡೆಯ ಕೆಳಗೆ ನೂಕುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಅಕ್ರಿಲಿಕ್ ಉರಿದಾಗ ಕಣ್ಣು ಗಂಟಲು ಉರಿಸುವ ಆವಿ ಬರುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಮೈಗೆ ಒಳ್ಳೆಯದಲ್ಲ. ಪುಡಿಯನ್ನು ಗೊಬ್ಬರ ಗುಂಡಿಗೂ ತೋಟಕ್ಕೂ ಗುಡಿಸಿ ಹಾಕಬಾರದು, ಅದು ಕೊಳೆಯುವುದಿಲ್ಲ. ಕೊಯ್ಯುವ ಮೊದಲೇ ಕೆಳಗೆ ಹಳೆಯ ಸೀರೆಯನ್ನೋ ಪತ್ರಿಕೆಯನ್ನೋ ಹಾಸಿಕೊಂಡು, ಪುಡಿಯನ್ನೂ ಚೂಪು ಚೂರುಗಳನ್ನೂ ಅದರಲ್ಲೇ ಸುತ್ತಿ ಒಣ ಕಸಕ್ಕೆ ಕೊಡಬೇಕು. ಅಂಗೈ ಅಗಲದ ತುಂಡುಗಳನ್ನು ಮಾತ್ರ, ಯಾವ ಹಾಳೆಯದು, ಎಷ್ಟು ಮಿ.ಮೀ. ಎಂದು ಮೇಲೆ ಬರೆದು ಎತ್ತಿಡಿ. ಹೊಸ ಬ್ಲೇಡು, ಹೊಸ ಬಿಟ್ಟು, ಹೊಸ ಅಂಟು ಯಾವುದನ್ನೇ ಆದರೂ ಮೊದಲು ಅದೇ ಹಾಳೆಯ ತುಂಡಿನ ಮೇಲೆ ನೋಡಿಕೊಂಡು ಆಮೇಲೆ ಕೆಲಸದ ಹಾಳೆಗೆ ಕೈಹಚ್ಚಬಹುದು.